ಸುಧೀರನ ಮದುವೆಯ ಎಪಿಸೋಡು

ನನ್ನ ಮಗಳು ಜ್ಯೋತ್ಸ್ನಾ ಲಂಡನ್ನಿನಲ್ಲಿ ಕೂತು ಜನರನ್ನು ನಗಿಸುವ ಕೆಲಸ ಮಾಡುತ್ತಾಳೆ. ಯಾರಾದರೂ ನನ್ನೆದುರು ಅದನ್ನು ಹೊಗಳಿದರೆ ಹೌದು ಹೌದು ಎಂದು ಮಾತು ಬದಲಿಸುತ್ತೇನೆ. ಇಂಜಿನಿಯರಿಂಗ್ ಓದಲಿಲ್ಲ, ನರ್ಸಿಂಗ್ ಓದಲಿಲ್ಲ, ಹೋಗಲಿ. ಬರೆಯುವುದೇ ಆದರೆ ನಾಲ್ಕು ಒಳ್ಳೆಯ ಮಾತು ಬರೆಯಬಹುದಿತ್ತಲ್ಲ? ಇವಳು ಬರೆಯುವುದು ‘ಸೀ ವ್ಯೂ, ನೋ ಸೀ’ ಎಂಬ ಟೀವಿ ಕಾಮಿಡಿಗೆ. ಇಂಗ್ಲೆಂಡಿನ ಯಾವುದೋ ಕಡಲ ಬದಿಯ ಊರಿನಲ್ಲಿ ಒಂದು ಹಳೆಯ ಲಾಡ್ಜು. ಹೆಸರು ಸೀ ವ್ಯೂ, ಯಾವ ಕಿಟಕಿಯಿಂದ ಇಣುಕಿದರೂ ಸಮುದ್ರ ಕಾಣುವುದಿಲ್ಲ. ಅದರ ಒಡತಿ ಮಿಸೆಸ್ ಪ್ರಾಟ್ ಎಂಬ ಮುದುಕಿ ಸತ್ತ ಗಂಡನ ಕೋಟು ತೊಟ್ಟುಕೊಂಡು ಓಡಾಡುತ್ತಾಳೆ. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡಲು ಅರ್ಧ ದಿನ ತೆಗೆದುಕೊಳ್ಳುತ್ತಾರೆ. ಹಿಂದಿನಿಂದ ನಗುವ ಸದ್ದು ಕೂಡ ಇಲ್ಲ, ಎಲ್ಲಿ ನಗಬೇಕೆಂದು ನಾವೇ ಹುಡುಕಿಕೊಳ್ಳಬೇಕು.

ಕೆನಡಾದ ಬರ್ಲಿಂಗ್ಟನ್ನಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಫ್ರಂಟ್ ಡೆಸ್ಕಿನಲ್ಲಿ ಕೂರುವವಳು ನಾನು. ಅಲ್ಲಿಗೂ ಈ ಶೋ ಬಂದು ತಲುಪಿತ್ತು. ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದ ಒಬ್ಬ ಅಜ್ಜಿ ಹಲ್ಲು ಕ್ಲೀನ್ ಮಾಡಿಸಲು ಬಂದಾಗ, ‘ಐದು ನಿಮಿಷ ನೋಡಿ ಆಫ್ ಮಾಡಿದೆ, ಸ್ಮಶಾನದ ಹಾಗಿದೆ’ ಎಂದಿದ್ದಳು. ನಮ್ಮ ಹೈಜಿನಿಸ್ಟ್ ಹುಡುಗಿ ಮಾತ್ರ ಅದರ ಒಂದೊಂದು ಮಾತನ್ನೂ ಬಾಯಿಪಾಠ ಹೇಳುತ್ತಿದ್ದಳು. ಇದನ್ನು ಬರೆಯುವವರ ಗುಂಪಿನಲ್ಲಿ ನನ್ನ ಮಗಳಿದ್ದಾಳೆ ಎಂದು ನಾನು ಇಬ್ಬರಿಗೂ ಹೇಳಲಿಲ್ಲ. ನನ್ನ ಗಂಡ ಮೋಹನದಾಸರಿಗೆ ಆ ಸಂಕೋಚವೆಲ್ಲ ಇಲ್ಲ. ಬೆಳಿಗ್ಗೆ ಚಹಾ ಕುಡಿಯುತ್ತ ಫೋನಿನಲ್ಲಿ ಜನರು ಬರೆದ ಅಭಿಪ್ರಾಯಗಳನ್ನು ಗಟ್ಟಿಯಾಗಿ ಓದುವುದು ಇವರ ಪಾರಾಯಣ. ಒಬ್ಬ ಜೀನಿಯಸ್ ಎಂದು ಬರೆದರೆ ಇವರಿಗೆ ಎರಡನೇ ಚಹಾ ಬೇಕು. ಒಬ್ಬ ದರಿದ್ರ ಎಂದು ಬರೆದರೆ ಆ ದಿನ ನನ್ನ ಅಡುಗೆಗೆ ಉಪ್ಪು ಹೆಚ್ಚು.

ಇದೆಲ್ಲ ಅವರವರ ರುಚಿ ಎಂದು ನಾನು ಸುಮ್ಮನಿದ್ದೆ. ಎರಡು ಸಾವಿರದ ಹದಿನೇಳರ ಜೂನ್ ತನಕ ಸುಮ್ಮನಿದ್ದೆ. ಆಮೇಲೆ ಅವಳು ನಮ್ಮ ಸುಧೀರನ ಮದುವೆಯನ್ನು ಆ ಲಾಡ್ಜಿಗೆ ಹೊತ್ತುಕೊಂಡು ಹೋದಳು.

ಸುಧೀರ ನನ್ನ ಮೊದಲ ಮಗು. ಕಾಪುವಿನಲ್ಲಿದ್ದಾಗ, ಒಂದೂವರೆ ವರ್ಷದವನು, ಒಂದು ಮಳೆಗಾಲದಲ್ಲಿ ವಾಂತಿಭೇದಿಯಾಗಿ ಹೋಗಿಬಿಟ್ಟ. ಅದರ ನಂತರ ನಾವು ಕೆನಡಾಕ್ಕೆ ಬಂದದ್ದು, ಜ್ಯೋತ್ಸ್ನಾ ಹುಟ್ಟಿದ್ದು. ನಮ್ಮ ತುಳುವರಲ್ಲಿ ಸತ್ತ ಮಕ್ಕಳು ಸತ್ತ ವಯಸ್ಸಿನಲ್ಲೇ ನಿಲ್ಲುವುದಿಲ್ಲ. ಅವರು ಆ ಕಡೆ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಅವರಿಗೂ ಒಂದು ಸಂಸಾರ ಬೇಕಾಗುತ್ತದೆ. ಆಗ ತಂದೆತಾಯಿ ಹೆಣ್ಣು ಹುಡುಕುತ್ತಾರೆ. ಅದೂ ಚಿಕ್ಕಂದಿನಲ್ಲಿ ಸತ್ತ ಹೆಣ್ಣೇ ಆಗಬೇಕು. ಪ್ರಾಯ ಹೊಂದಬೇಕು, ಬರಿ ಬೇರೆ ಇರಬೇಕು. ಬರಿ ಎಂದರೆ ನಮ್ಮಲ್ಲಿ ತಾಯಿಯ ಕಡೆಯಿಂದ ಬರುವ ಕುಲ. ಇದಕ್ಕೆ ಕುಲೆ ಮದಿಮೆ ಎನ್ನುತ್ತೇವೆ, ಸತ್ತವರ ಮದುವೆ. ನಗುವವರು ನಗಬಹುದು. ಮಗುವನ್ನು ಮಣ್ಣಿಗೆ ಕೊಟ್ಟ ತಾಯಿಗೆ, ನಿನ್ನ ಮಗ ಈಗ ಮದುವೆಯ ಪ್ರಾಯದವನು ಎಂದು ಹಿರಿಯರು ಹೇಳಿದಾಗ ಆಗುವ ಸಮಾಧಾನ ಆ ನಗುವವರಿಗೆ ಬೇಡ, ಬರುವುದೂ ಬೇಡ.

ನಮಗೆ ಹೆಣ್ಣು ಸಿಕ್ಕಿದ್ದು ಇಲ್ಲೇ. ಬರ್ಲಿಂಗ್ಟನ್ನಿನ ಕೆರೆ ದಂಡೆಯಲ್ಲಿ, ಈ ಒಂಟಾರಿಯೋ ಕೆರೆಯನ್ನು ಕೆರೆ ಎನ್ನಲು ನನಗೆ ಇನ್ನೂ ಬಾಯಿ ಬರುವುದಿಲ್ಲ, ಅಲ್ಲಿ ನಮ್ಮ ತುಳುವರ ಪಿಕ್ನಿಕ್ ಇತ್ತು. ಮಾರ್ಕಮ್‌ನಿಂದ ಬಂದ ನೀರಜಾ ಎಂಬವಳು ಮಕ್ಕಳ ಓಟದ ಪಂದ್ಯ ನೋಡಲಾಗದೆ ಕಾರಿನಲ್ಲಿ ಹೋಗಿ ಕೂತಿದ್ದಳು. ನಾನು ನೀರು ಕೊಟ್ಟು ಹತ್ತಿರ ಕೂತೆ. ಅವಳ ಮಗಳು ಸೌಜನ್ಯ ಕಾರ್ಕಳದಲ್ಲಿ ನಾಲ್ಕು ವರ್ಷಕ್ಕೆ ಮೆದುಳು ಜ್ವರದಲ್ಲಿ ತೀರಿಕೊಂಡಿದ್ದಳು. ಪ್ರಾಯ ಕೇಳಿದೆ, ಬರಿ ಕೇಳಿದೆ. ಎರಡೂ ಹೊಂದಿತು. ಕಾರಿನೊಳಗೆ ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅತ್ತೆವು. ಹೊರಗೆ ಮಕ್ಕಳ ಗೋಣಿಚೀಲದ ಓಟ ನಡೆಯುತ್ತಿತ್ತು.

ಆಮೇಲಿನ ವರ್ಷ ಆಟಿಯಲ್ಲಿ, ಆಷಾಢದ ಹೊತ್ತಿಗೆ ಬರುವ ನಮ್ಮ ತುಳು ತಿಂಗಳಲ್ಲಿ, ಎರಡೂ ಕುಟುಂಬ ಊರಿಗೆ ಹೋಗಿ ಮದುವೆ ಮಾಡಿಸಿದೆವು. ಒಂದು ಕುರ್ಚಿಯಲ್ಲಿ ಅವನ ಅಂಗಿ ಪಂಚೆ, ಪಕ್ಕದ ಕುರ್ಚಿಯಲ್ಲಿ ಅವಳ ಸೀರೆ ಬಳೆ. ಹಾರ ಬದಲಾಯಿತು, ಧಾರೆ ಆಯಿತು, ಊಟ ಆಯಿತು. ಅಂದಿನಿಂದ ನೀರಜಾ ನನಗೆ ಬೀಗಿತ್ತಿ. ಅವಳ ಗಂಡ ಸತೀಶ ನಮ್ಮವರನ್ನು ಭಾವ ಎಂದೇ ಕರೆಯುವುದು. ಇದೇನು ಬಾಯಿಮಾತಿನ ನೆಂಟಸ್ತಿಕೆ ಅಲ್ಲ. ಮದುವೆಯಾದ ಮೇಲೆ ಹೆಣ್ಣು ಗಂಡನ ಮನೆಯವಳು, ಸತ್ತರೂ ಅಷ್ಟೆ. ಪ್ರತಿ ಆಟಿಯಲ್ಲಿ ನಾವು ಸತ್ತವರಿಗೆ ಬಾಳೆಯೆಲೆಯಲ್ಲಿ ಬಡಿಸುತ್ತೇವೆ, ಕೋಳಿ, ರೊಟ್ಟಿ, ಪಾಯಸ. ಸೌಜನ್ಯಳ ಎಲೆ ಈಗ ನಮ್ಮ ಮನೆಯಲ್ಲಿ, ಸುಧೀರನ ಎಲೆಯ ಪಕ್ಕದಲ್ಲಿ. ಹಾಗಾಗಿ ನೀರಜಾ ತನ್ನ ಮಗಳ ಊಟ ನೋಡಲು ಮಾರ್ಕಮ್‌ನಿಂದ ನಮ್ಮಲ್ಲಿಗೆ ಬರುತ್ತಾಳೆ. ಮಗಳು ಎಡಚಿಯಂತೆ, ನೀರಿನ ಲೋಟವನ್ನು ಎಲೆಯ ಎಡಗಡೆಗೆ ಅವಳೇ ಇಡುತ್ತಾಳೆ. ಆಮೇಲೆ ಬಾಗಿಲು ಮುಚ್ಚಿ ನಾವಿಬ್ಬರೂ ಹೊರಗೆ ಹಾಲ್‌ವೇಯಲ್ಲಿ ನಿಲ್ಲುತ್ತೇವೆ, ಒಳಗೆ ಮಕ್ಕಳು ಉಣ್ಣಲಿ ಎಂದು. ನನ್ನ ಇಡೀ ವರ್ಷದಲ್ಲಿ ನಾನು ತಾಯಿಯಾಗಿ ನಿಲ್ಲುವುದು ಆ ಹೊತ್ತಿನಲ್ಲಿ ಮಾತ್ರ ಎಂದು ಎಷ್ಟೋ ಸಲ ಅನಿಸಿದೆ. ಜ್ಯೋತ್ಸ್ನಾಳಿಗೆ ಇದನ್ನು ಹೇಳಿದರೆ ಅವಳು ಬೇಸರಿಸಿಯಾಳು. ಬೇಸರಿಸಲಿ.

ಜಾರ್ಜ್‌ಟೌನ್‌ನಲ್ಲಿ ನಮ್ಮ ಸ್ನೇಹಿತರಿದ್ದಾರೆ, ಬೆಂಗಳೂರಿನವರು, ಭಾಸ್ಕರ ಮತ್ತು ರಾಜಲಕ್ಷ್ಮಿ. ಇಬ್ಬರೂ ಸಾಫ್ಟ್‌ವೇರು. ಅವರ ಬೇಸ್‌ಮೆಂಟಿನಲ್ಲಿ ಗೋಡೆಯಷ್ಟು ದೊಡ್ಡ ಟೀವಿ. ಜ್ಯೋತ್ಸ್ನಾ ಸ್ವಂತವಾಗಿ, ಒಬ್ಬಳೇ ಬರೆದ ಮೊದಲ ಎಪಿಸೋಡು ಎಂದು ರಾಜಲಕ್ಷ್ಮಿ ಕನ್ನಡದವರನ್ನೆಲ್ಲ, ಮನೆಗೊಂದು ಅಡುಗೆ ತರುವ ಪಾಟ್‌ಲಕ್ಕಿಗೆ ಕರೆದಳು. ನಾನು ಬಿಸಿಬಿಸಿ ಗೋಳಿಬಜೆ ಮಾಡಿಕೊಂಡು ಹೋದೆ. ಎಪಿಸೋಡಿನಲ್ಲಿ ಏನಿದೆ ಎಂದು ಮಗಳು ನಮಗೆ ಹೇಳಿರಲಿಲ್ಲ. ‘ಸರ್‌ಪ್ರೈಸ್ ಅಮ್ಮ, ಯು ವಿಲ್ ಸೀ’ ಎಂದಿದ್ದಳು. ನೀರಜಾಳಿಗೆ ಅಂದು ಶಿಫ್ಟು, ಬಂದಿರಲಿಲ್ಲ. ಅದೊಂದು ಪುಣ್ಯ ಎಂದು ಆಮೇಲೆ ಅಂದುಕೊಂಡೆ. ಪುಣ್ಯವೂ ಅಲ್ಲ ಏನೂ ಅಲ್ಲ.

ಲಾಡ್ಜಿಗೆ ಒಬ್ಬಳು ಹೊಸ ಅತಿಥಿ ಬರುತ್ತಾಳೆ. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಸಾಕ್ಸ್ ಮತ್ತು ಚಪ್ಪಲಿ. ಆಂಟಿ ಕಮಲಿ. ನನ್ನ ಹಾಗೇ ಕತ್ತು ಓರೆ ಮಾಡಿ ಮಾತಾಡುತ್ತಾಳೆ. ಊಟದ ಕೋಣೆಯನ್ನು ಒಂದು ದಿನಕ್ಕೆ ಬಾಡಿಗೆಗೆ ಕೇಳುತ್ತಾಳೆ, ಮಗನ ಮದುವೆಗೆ. ಮಿಸೆಸ್ ಪ್ರಾಟ್ ಕೇಳುತ್ತಾಳೆ, ಮಗ ಏನು ಮಾಡಿಕೊಂಡಿದ್ದಾನೆ ಎಂದು. ಆಂಟಿ ಚಹಾಕ್ಕೆ ಸಕ್ಕರೆ ಹಾಕಿ, ಕದಡಿ, ಚಮಚ ಒರೆಸಿಟ್ಟು ಹೇಳುತ್ತಾಳೆ, ‘ಏನೂ ಇಲ್ಲ. ಅವನು ಒಂದೂವರೆ ವರ್ಷದವನಿದ್ದಾಗ ತೀರಿಕೊಂಡ.’ ಮಿಸೆಸ್ ಪ್ರಾಟ್ ಅಷ್ಟೇ ತಣ್ಣಗೆ, ‘ಹಾಗಾದರೆ ಅವನಿಗೆ ವೆಜಿಟೇರಿಯನ್ ಬೇಕಾ?’ ಎನ್ನುತ್ತಾಳೆ.

ಬೇಸ್‌ಮೆಂಟ್ ನಕ್ಕಿತು. ಭಾಸ್ಕರರು ಸೋಫಾದ ತೋಳಿಗೆ ಹೊಡೆದು ನಕ್ಕರು. ತಟ್ಟೆ ಕೆಳಗಿಟ್ಟು ಎದ್ದು ನಿಂತೆ. ಇವರು ನನ್ನ ಸೆರಗು ಹಿಡಿದು ‘ಕೂತುಕೋ ಮಾರಾಯ್ತಿ’ ಎಂದರು. ಕೂರಲಿಲ್ಲ. ಟೀವಿಗೆ ಅಡ್ಡವಾಗಿಯೇ ನಡೆದು ಮೆಟ್ಟಿಲು ಹತ್ತಿದೆ. ಸುಧೀರನ ವಯಸ್ಸನ್ನು ಕೂಡ ಅವಳು ಬದಲಾಯಿಸಿರಲಿಲ್ಲ. ಎರಡು ವರ್ಷ ಎಂದು ಬರೆದಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ಮೇಲೆ ಅಡುಗೆಮನೆಯಲ್ಲಿ ನಿಂತಿದ್ದೆ. ಕೆಳಗೆ ಮುಗಿದ ಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಬಂದರು, ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಉಡುಪಿ ಕಡೆಯ ಹಿರಿಯರು ಲೀಲಮ್ಮ ನನ್ನ ಭುಜ ಹಿಡಿದು, ‘ಸತ್ತವರ ಸೀರೆಯನ್ನು ನಾಯಿ ಬಾಯಿಗೆ ಕೊಟ್ಟು ತೋರಿಸಿದ್ಳಲ್ಲ ನಿನ್ನ ಮಗಳು, ಅವಳಿಗೆ ದೈವದ ಹೆದರಿಕೆ ಇಲ್ವಾ?’ ಎಂದರು. ರಾಜಲಕ್ಷ್ಮಿ ಅದಕ್ಕೇ ಕಾದಿದ್ದವಳಂತೆ ಬಂದಳು.

‘ಡಾರ್ಕ್ ಹ್ಯೂಮರ್ ಅಂದ್ರೆ ಹಾಗೇ ಇರತ್ತೆ ಲೀಲಮ್ಮ. ಬ್ರಿಟಿಷ್ ಕಾಮಿಡಿನ ನಮ್ಮ ಸೀರಿಯಲ್ ಥರ ನೋಡಕ್ಕಾಗಲ್ಲ. ಪ್ರಫುಲ್ಲಾ, ನಿಮ್ಮ ಮಗಳು ಎಷ್ಟು ಬ್ರಿಲಿಯಂಟ್ ಅಂತ ನಿಮಗೇ ಗೊತ್ತಿಲ್ಲ ಕಣ್ರೀ.’

‘ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು’ ಎಂದೆ.

ಭಾಸ್ಕರರು ಪ್ಲೇಟಿಗೆ ಮೊಸರನ್ನ ಹಾಕಿಕೊಳ್ಳುತ್ತ, ‘ಆದ್ರೆ ಎಂಥ ಇಮ್ಯಾಜಿನೇಷನ್ ರೀ. ಸತ್ತೋರಿಗೆ ಮದ್ವೆ! ಇಂಥದ್ದೆಲ್ಲ ನಿಜವಾಗ್ಲೂ ಯಾರಾದ್ರೂ ಮಾಡ್ತಾರಾ?’ ಎಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಪಾಪ, ಅವರಿಗೆ ಗೊತ್ತಿರಲಿಲ್ಲ. ನಮ್ಮವರು ಗೋಳಿಬಜೆಯ ಪಾತ್ರೆ ಎತ್ತಿಕೊಳ್ಳುತ್ತ ತಲೆ ಬಗ್ಗಿಸಿದರು.

‘ಮಾಡ್ತಾರೆ. ನಾವು ಮಾಡಿದ್ದೇವೆ. ಅದು ನನ್ನ ಮಗ’ ಎಂದೆ.

ಮೊಸರನ್ನದ ಚಮಚ ಪಾತ್ರೆಗೆ ಬಿದ್ದ ಸದ್ದು ಕೇಳಿತು. ರಾಜಲಕ್ಷ್ಮಿ ಬಂದು ನನ್ನ ಕೈ ಹಿಡಿದಳು. ಕ್ಷಮಿಸಿ ಎಂದು ಇಬ್ಬರೂ ಎಷ್ಟು ಸಲ ಹೇಳಿದರೋ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬರಬೇಕಾದವಳ ಮೇಲೆ ಬಂದಿತ್ತು, ಅವಳು ಲಂಡನ್ನಿನಲ್ಲಿದ್ದಳು.

ಮರುದಿನ ಫೋನ್ ಮಾಡಿದೆ. ‘ನೋಡಿದ್ರಾ?’ ಎಂದು ಮೊದಲು ಅವಳೇ ಕೇಳಿದಳು. ಧ್ವನಿಯಲ್ಲಿ ಎಂಥ ಆಸೆ ಇತ್ತೆಂದರೆ ಒಂದು ಕ್ಷಣ ಬಯ್ಯಲು ಕಷ್ಟವಾಯಿತು. ಆದರೂ ಬಯ್ದೆ.

‘ನಿನಗೆ ಬರೀಲಿಕ್ಕೆ ಬೇರೆ ಎಂತದೂ ಸಿಗ್ಲಿಲ್ವಾ? ಸತ್ತ ಅಣ್ಣನೇ ಬೇಕಾಯ್ತಾ?’

‘ಅಮ್ಮ, ಐ ವಾಸ್ ನಾಟ್ ಮೇಕಿಂಗ್ ಫನ್. ನಾನು ಅಣ್ಣನನ್ನು ನೋಡಿಯೇ ಇಲ್ಲ. ಆ ಮದುವೆ ದಿನ ಒಂದು ಶರ್ಟ್ ನೋಡಿದ್ದು, ದಟ್ಸ್ ಆಲ್ ಐ ಹ್ಯಾವ್ ಆಫ್ ಹಿಮ್. ಅದನ್ನೇ ಬರೆದೆ.’

‘ಬರಿ. ಊರಿಗೆಲ್ಲ ಹಂಚು. ನೀರಜಾ ಆಂಟಿಯ ಮುಖ ನಾನು ಹೇಗೆ ನೋಡ್ಲಿ?’

‘ಯು ಡಿಡ್ನ್ಟ್ ಈವನ್ ವಾಚ್ ಟಿಲ್ ದಿ ಎಂಡ್, ಡಿಡ್ ಯೂ?’

ಉತ್ತರ ಇಲ್ಲದಾಗ ನಾನು ಫೋನ್ ಇಡುವವಳು. ಇಟ್ಟೆ.

ಆಮೇಲೆ ಶುರುವಾಯಿತು ನೋಡಿ. ತುಳುವರ ವಾಟ್ಸಾಪ್ ಗುಂಪಿನಲ್ಲಿ ಎರಡು ಪಕ್ಷ. ನಮ್ಮ ಸಂಪ್ರದಾಯ ಬ್ರಿಟಿಷ್ ಟೀವಿಯಲ್ಲಿ ಬಂತು, ಹೆಮ್ಮೆ ಪಡಬೇಕು ಎಂದು ಕೆಲವರು. ಮರ್ಯಾದೆ ಹರಾಜಾಯಿತು ಎಂದು ಕೆಲವರು. ಹೆಮ್ಮೆಯವರು ಒಂದು ಚಪ್ಪಾಳೆಯ ಚಿತ್ರ ಹಾಕಿದರೆ ಮರ್ಯಾದೆಯವರು ಗುಂಪು ಬಿಟ್ಟು ಹೋಗುವರು, ಸಂಜೆಗೆ ಯಾರೋ ಮತ್ತೆ ಸೇರಿಸುವರು. ಇವರು ಬೆಳಿಗ್ಗೆ ಓದುವ ಅಭಿಪ್ರಾಯಗಳೂ ಹಾಗೆಯೇ. ‘ಇಷ್ಟು ವರ್ಷದಲ್ಲಿ ನೋಡಿದ ಅತ್ಯಂತ ಕೋಮಲವಾದ ಅರ್ಧ ಗಂಟೆ’ ಎಂದು ಬ್ರಿಸ್ಟಲ್ಲಿನ ಯಾರೋ ಬರೆದಿದ್ದರು. ಅದರ ಕೆಳಗೇ ಇನ್ನೊಬ್ಬರು, ‘ಹೆಣದ ಜೊತೆ ಜೋಕು, ಥೂ’ ಎಂದಿದ್ದರು. ಕೋಮಲ ಎಂದವರಿಗೂ ಥೂ ಎಂದವರಿಗೂ ಮಗ ಸತ್ತಿರಲಿಲ್ಲ. ಇವರ ಕೈಯಿಂದ ಫೋನ್ ಕಿತ್ತು ಬ್ರೆಡ್ಡಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದೆ.

ನೀರಜಾ ಮಾತ್ರ ಒಂದು ಮಾತೂ ಆಡಲಿಲ್ಲ. ಗುಂಪಿನಲ್ಲೂ ಇಲ್ಲ, ನನಗೂ ಇಲ್ಲ. ನಾನು ಫೋನ್ ಮಾಡಿದರೆ ಸತೀಶ ಎತ್ತಿ, ‘ಅವಳು ಮಲಗಿದ್ದಾಳೆ ಅಕ್ಕ’ ಎನ್ನುತ್ತಿದ್ದ. ಕೆನಡಾಕ್ಕೆ ನೂರೈವತ್ತು ವರ್ಷ ಎಂದು ಬೀದಿಯೆಲ್ಲ ಬಾವುಟ ಕಟ್ಟಿದ್ದ ಜುಲೈ ಬಂತು. ಆಟಿ ಹತ್ತಿರವಾಯಿತು. ಇಷ್ಟರಲ್ಲಿ ಅವಳು ಫೋನ್ ಮಾಡಿ, ಬಾಳೆಯೆಲೆ ನಾನು ಇಲ್ಲಿಯ ಚೈನೀಸ್ ಮಾಲಿನಿಂದ ತರ್ತೇನೆ, ನೀವು ಕೋಳಿ ನೋಡಿಕೊಳ್ಳಿ ಎಂದು ಹೇಳಿರಬೇಕಿತ್ತು. ಹೇಳಲಿಲ್ಲ. ನನಗೆ ಹೆದರಿಕೆಯಾಯಿತು. ಮಗಳ ಮೇಲಿನ ಸಿಟ್ಟು ಒಂದು ಕಡೆ ಇರಲಿ, ಸುಧೀರನ ಸಂಸಾರ ಮುರಿಯುತ್ತದೆ ಎಂಬ ಹೆದರಿಕೆ. ಇದನ್ನು ಯಾರಿಗೆ ಹೇಳುವುದು? ಕ್ಲಿನಿಕ್ಕಿನಲ್ಲಿ ಹೇಳಿದರೆ ಅಂಬುಲೆನ್ಸ್ ಕರೆಸುತ್ತಾರೆ.

‘ಹೋಗಿ ಕಾಲಿಗೆ ಬೀಳುವಾ’ ಎಂದರು ಇವರು.

‘ಎಂತದ್ದಕ್ಕೆ ಅಂತ ಗೊತ್ತಿಲ್ಲದೆ ಬೀಳುದು ಹೇಗೆ? ನಾನು ಪೂರ್ತಿ ನೋಡಿಯೇ ಇಲ್ಲ’ ಎಂದೆ.

ಹಾಗಾಗಿ ಒಂದು ಭಾನುವಾರ ಮಧ್ಯಾಹ್ನ, ಇವರು ಹುಲ್ಲು ಕತ್ತರಿಸಲು ಹೊರಗೆ ಹೋದಾಗ, ಪರದೆ ಎಳೆದು, ಒಬ್ಬಳೇ ಕೂತು ಅದನ್ನು ಹಾಕಿದೆ. ತಪ್ಪುಗಳನ್ನು ಹುಡುಕಲೆಂದೇ ಕೂತವಳು ನಾನು. ವೆಜಿಟೇರಿಯನ್ ಮಾತು ಬಂದಾಗ ಹಲ್ಲು ಕಚ್ಚಿದೆ. ಅದಾದ ಮೇಲೆ ಆಂಟಿ ಕಮಲಿ ಮತ್ತು ಅವಳ ಗಂಡ ಮದುಮಗನಿಗೆ ಅಂಗಿ ತರಲು ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ಸೈಜು ಕೇಳುತ್ತಾನೆ. ಗಂಡ ನಲವತ್ತೆರಡು ಎನ್ನುತ್ತಾನೆ. ಆಂಟಿ ಮೂವತ್ತೆಂಟು ಎನ್ನುತ್ತಾಳೆ. ‘ನಮ್ಮ ವಂಶದಲ್ಲಿ ಇಪ್ಪತ್ತೈದು ದಾಟಿದರೆ ಎಲ್ಲರಿಗೂ ಹೊಟ್ಟೆ ಬರುತ್ತದೆ’ ಎನ್ನುತ್ತಾನೆ ಗಂಡ. ‘ನನ್ನ ಮಗನಿಗೆ ಹೊಟ್ಟೆ ಇಲ್ಲ. ಅವನು ನನ್ನ ಅಪ್ಪನ ಹಾಗೆ’ ಎನ್ನುತ್ತಾಳೆ ಆಂಟಿ. ಜಗಳ ಏರುತ್ತದೆ. ಅಂಗಡಿಯವನು ಸುಸ್ತಾಗಿ, ಮಗನನ್ನೇ ಒಮ್ಮೆ ಕರೆದುಕೊಂಡು ಬಂದುಬಿಡಿ ಎನ್ನುತ್ತಾನೆ. ಗಂಡಹೆಂಡತಿ ಇಬ್ಬರೂ ಬಾಗಿಲ ಕಡೆ ತಿರುಗಿ ನೋಡುತ್ತಾರೆ.

ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಲ್ಲಿ ನಮಗೆ ಆದದ್ದೇ ಅದು. ಅಕ್ಷರ ಅಕ್ಷರ. ಇವರು ನಲವತ್ತೆರಡು ಎಂದದ್ದು, ನಾನು ಹೊಟ್ಟೆ ಇಲ್ಲ ಎಂದದ್ದು, ಜಗಳವಾಡಿ ನಾನು ಅಂಗಡಿಯ ಸ್ಟೂಲಿನಲ್ಲಿ ಮುಖ ತಿರುಗಿಸಿ ಕೂತದ್ದು. ಜ್ಯೋತ್ಸ್ನಾ ಅಂದು ಬಟ್ಟೆಯ ರಾಶಿಯ ಹಿಂದೆ ನಿಂತು ಫೋನ್ ಒತ್ತುತ್ತಿದ್ದಳು, ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನಾನು ಎಣಿಸಿರಲಿಲ್ಲ. ಕೊನೆಗೆ ನಲವತ್ತೇ ತೆಗೆದುಕೊಂಡೆವು, ಇಬ್ಬರಿಗೂ ಸಿಟ್ಟು ಉಳಿಯಿತು. ಟೀವಿಯಲ್ಲಿ ಆ ಇಬ್ಬರು ಬಾಗಿಲ ಕಡೆ ನೋಡಿದಾಗ ನಾನೂ ನೋಡಿದೆ. ಅಲ್ಲಿ ಅವನನ್ನು ಕಂಡೆ. ಒಂದೂವರೆ ವರ್ಷದ ಕೂಸಲ್ಲ. ಮೂವತ್ತು ದಾಟಿದ ಗಂಡಸು, ಅಪ್ಪನದೇ ಹೊಟ್ಟೆ, ಅಂಗಿಯ ಕೊನೆಯ ಗುಂಡಿ ಹಾಕಲಾಗದೆ ನಿಂತಿದ್ದ. ನಗು ಬಂತು. ಮೊದಲು ಮೂಗಿನಿಂದ, ಆಮೇಲೆ ಹೊಟ್ಟೆಯಿಂದ. ಸೋಫಾದಲ್ಲಿ ಒರಗಿ, ಕಣ್ಣೀರು ಸುರಿಯುವ ತನಕ ನಕ್ಕೆ. ಸುಧೀರ ಹೋದ ಮೇಲೆ ಅವನನ್ನು ನೆನೆದು ನಾನು ನಕ್ಕದ್ದು ಅದೇ ಮೊದಲು. ಇವರ ಮಾತೇ ಸರಿ, ನಲವತ್ತೆರಡೇ ಬೇಕಿತ್ತು ಎಂದುಕೊಂಡು ಮತ್ತೂ ನಕ್ಕೆ. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಮುಂದಿನ ಒಂದೆರಡು ದೃಶ್ಯ ಹೋಗಿತ್ತು. ಹಿಂದೆ ಹಾಕಿ ನೋಡಲಿಲ್ಲ.

ಮುಂದಿನ ಶನಿವಾರ ನಾವು ಹೇಳದೆ ಕೇಳದೆ ಮಾರ್ಕಮ್‌ಗೆ ಹೋದೆವು. ದಾರಿಯುದ್ದಕ್ಕೂ ಇವರು ಹೇಳಿಕೊಟ್ಟದ್ದು ಒಂದೇ, ‘ನೀನು ಹೆಚ್ಚು ಮಾತಾಡ್ಬೇಡ.’ ಬಾಗಿಲು ತೆರೆದವಳು ನೀರಜಾ. ಇಳಿದುಹೋಗಿದ್ದಳು. ಆದರೂ ಒಳಗೆ ಕರೆದಳು, ಚಹಾ ಮಾಡಿದಳು, ಬಿಸ್ಕತ್ತಿನ ತಟ್ಟೆ ಇಟ್ಟಳು. ಸತೀಶ ಇವರ ಪಕ್ಕದಲ್ಲಿ ಕೂತ. ನಾನು ಅವಳ ಕೈ ಹಿಡಿದು ತಪ್ಪಾಯಿತು ಎಂದೆ. ಮಗಳ ಪರವಾಗಿ ಕೇಳ್ತೇನೆ, ಬೇಕಾದರೆ ಅವಳಿಂದಲೂ ಹೇಳಿಸುತ್ತೇನೆ ಎಂದೆ.

‘ಬೇಡ ಪ್ರಫುಲ್ಲಕ್ಕ’ ಎಂದಳು. ‘ಜ್ಯೋತ್ಸ್ನಾ ಇಲ್ಲಿ ಹುಟ್ಟಿದ್ದು. ಅದಕ್ಕೆ ಎಂತ ಗೊತ್ತು? ನಾನು ಆ ಶೋ ನೋಡ್ಲಿಲ್ಲ, ನೋಡುದೂ ಇಲ್ಲ. ಜನ ಹೇಳಿದ್ದು ಕೇಳಿಯೇ ನಂಗೆ ತುಂಬ ದಿನ ಊಟ ಸೇರ್ಲಿಲ್ಲ. ಆದ್ರೂ ಮಕ್ಕಳು ಮಾಡಿದ್ದನ್ನು ಹಿಡ್ಕೊಂಡು ಕೂರ್ಲಿಕ್ಕೆ ಆಗ್ತದಾ? ಇವರಿಗೆ ನಿನ್ನೆಯೇ ಹೇಳಿದ್ದೆ, ಆಟಿಗೆ ಹೋಗುವಾ ಅಂತ.’

ಇವರು ಬಿಸ್ಕತ್ತು ತೆಗೆದುಕೊಂಡರು. ಅಷ್ಟರಲ್ಲಿ ಅವಳು ನನ್ನ ಕೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡು ಕೇಳಿದಳು.

‘ಒಂದು ಮಾತು ಅಕ್ಕ. ಯಾರು ಬೇಕಾದ್ರೂ ನಗ್ಲಿ, ನಂಗೆ ಏನೂ ಇಲ್ಲ. ನೀವು ನಗ್ಲಿಲ್ಲ ಅಲ್ವಾ?’

ಇಲ್ಲ ಎನ್ನುವುದು ಸುಲಭವಿತ್ತು. ಇವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಸತೀಶ ಕಿಟಕಿಯ ಹೊರಗೆ ನೋಡಿದ. ನಾನು ಕ್ಲಿನಿಕ್ಕಿನಲ್ಲಿ ದಿನಕ್ಕೆ ಎಷ್ಟೋ ಸುಳ್ಳು ಹೇಳುತ್ತೇನೆ, ನೋವಾಗುವುದಿಲ್ಲ, ಡಾಕ್ಟರ್ ಈಗ ಬಂದರು ಎಂದು. ಈ ಹೆಂಗಸಿಗೆ ಹೇಳಲು ಆಗಲಿಲ್ಲ. ಬಾಗಿಲು ಮುಚ್ಚಿ ನನ್ನ ಜೊತೆ ಹೊರಗೆ ನಿಂತವಳು ಅವಳೊಬ್ಬಳೇ. ಅವಳಿಗಾದರೂ ಅರ್ಥವಾಗುತ್ತದೆ ಎಂದುಕೊಂಡೆ.

‘ನಕ್ಕೆ’ ಎಂದೆ. ‘ನೀರಜಾ, ಕೇಳು. ಆ ಅಂಗಿ ತೆಗೆಯುದು ಬರ್ತದೆ. ಆಗ ನಂಗೆ ಸುಧೀರ ಕಂಡ. ನಿಜವಾಗಿ ಕಂಡ. ದೊಡ್ಡವನಾಗಿದ್ದಾನೆ, ಇವರ ಹಾಗೆ ಹೊಟ್ಟೆ ಬಂದಿದೆ. ಇಷ್ಟು ವರ್ಷ ಬಡಿಸಿದ್ದೇನೆ, ಒಮ್ಮೆಯೂ ಅವನು ಕಂಡಿರ್ಲಿಲ್ಲ. ಅದಕ್ಕೇ ನಗು ಬಂತು. ಖುಷಿಗೆ ಮಾರಾಯ್ತಿ.’

ಅವಳು ಕೈ ಬಿಡಲಿಲ್ಲ. ಅವಳ ಮುಖ ಹಗುರಾಯಿತು ಎಂದೇ ನನಗೆ ಕಂಡಿತು.

‘ಹೌದಾ? ಮತ್ತೆ ನನ್ನ ಸೌಜನ್ಯ ಹೇಗೆ ಕಂಡ್ಳು?’

ಬಾಗಿಲಲ್ಲಿ ಸುಧೀರನ ಪಕ್ಕದಲ್ಲಿ ನಾನು ಯಾರನ್ನೂ ಕಂಡಿರಲಿಲ್ಲ.

‘ಅದ್ರಲ್ಲಿ ಹೆಣ್ಣಿನ ಕಡೆಯವರು ಯಾರಿದ್ರು?’

‘ಯಾರೂ ಇರ್ಲಿಲ್ಲ’ ಎಂದೆ. ‘ಲೆಸ್ಟರಿಂದ ಪಾರ್ಸೆಲಲ್ಲಿ ಸೀರೆ ಬಂತು ಅಂತ ತೋರಿಸ್ತಾರೆ.’

‘ಅಮ್ಮ?’

‘ಇಲ್ಲ.’

‘ಸೀರೆ ಎಲ್ಲಿ ಇಟ್ರು? ಕುರ್ಚಿಯಲ್ಲಾ?’

ಕೋಟು ನೇತುಹಾಕುವ ಕಂಬಕ್ಕೆ ಸುತ್ತಿದ್ದರಂತೆ. ಅದನ್ನೇ ನಾಯಿ ಎಳೆದದ್ದು. ಲೀಲಮ್ಮ ಹೇಳಿ ಇದೆಲ್ಲ ಗೊತ್ತಿತ್ತು. ನಾನು ಮಾತ್ರ ಆ ಹೊತ್ತಿಗೆ ಕಣ್ಣು ಒರೆಸಿಕೊಳ್ಳುತ್ತಿದ್ದೆ, ನೆಲದ ಮೇಲೆ ಬಿದ್ದ ಸೀರೆ ಅಷ್ಟೇ ಕಂಡಿತ್ತು, ಅದನ್ನು ನೋಡುವಾಗಲೂ ಮೊದಲಿನ ನಗು ನಿಂತಿರಲಿಲ್ಲ. ಇದನ್ನು ಅವಳಿಗೆ ಹೇಳಲಿಲ್ಲ. ಹೇಳದಿದ್ದರೂ ಅವಳಿಗೆ ನನ್ನ ಮುಖದಲ್ಲಿ ಅದು ಕಂಡಿತು.

‘ಅವಳಿಗೆ ಹೆಸರಾದ್ರೂ ಇತ್ತಾ?’

‘ಇರ್ಲಿಲ್ಲ.’

ಆಗ ಕೈ ಬಿಟ್ಟಳು. ಬೈಯಲಿಲ್ಲ, ಅಳಲಿಲ್ಲ. ಚಹಾದ ಲೋಟಗಳನ್ನು ಒಂದೊಂದಾಗಿ ಟ್ರೇಯಲ್ಲಿ ಇಡುತ್ತ, ಬೇರೆ ಯಾರದೋ ವಿಷಯ ಹೇಳಿದಷ್ಟು ಸಮಾಧಾನದಲ್ಲಿ ಹೇಳಿದಳು.

‘ನಿಮಗೆ ಮಗ ಸಿಕ್ಕಿದ, ಒಳ್ಳೇದಾಯ್ತು ಅಕ್ಕ. ನನ್ನ ಮಗಳು ನಿಮ್ಮ ಮನೆಯಲ್ಲಿ ಇದ್ದಾಳೆ ಅಂತ ನಾನು ಇಷ್ಟು ವರ್ಷ ಸುಮ್ಮನಿದ್ದೆ. ಅವಳು ಅಲ್ಲಿ ಇಲ್ಲ. ನಿಮ್ಮ ಮನೆಯವರು ಯಾರಿಗೂ ಅವಳ ನೆನಪೇ ಇಲ್ಲ. ಬರೆದವಳಿಗೂ ಇಲ್ಲ, ನೋಡಿದವರಿಗೂ ಇಲ್ಲ. ಈ ಆಟಿಯಿಂದ ನಾನು ಇಲ್ಲೇ ಬಡಿಸ್ತೇನೆ.’

‘ಹಾಗೆಲ್ಲ ಮಾಡ್ಲಿಕ್ಕಿಲ್ಲ ನೀರಜಾ’ ಎಂದರು ಇವರು. ‘ಕೊಟ್ಟ ಹೆಣ್ಣನ್ನು ವಾಪಸು ಕರೆಯುವ ಕ್ರಮ ನಮ್ಮಲ್ಲಿ ಇಲ್ಲ.’

‘ಬದುಕಿದ್ದ ಹೆಣ್ಣಾದ್ರೆ ಅವಳೇ ಎದ್ದು ಬರ್ತಿದ್ಳು ಭಾವ’ ಎಂದಳು. ಟ್ರೇ ಎತ್ತಿಕೊಂಡು ಒಳಗೆ ಹೋದಳು. ಸಿಂಕಿನಲ್ಲಿ ನೀರು ಬಿಟ್ಟ ಸದ್ದು ಬಹಳ ಹೊತ್ತು ಕೇಳಿತು. ಸತೀಶ ನಮ್ಮನ್ನು ಬಾಗಿಲ ತನಕ ಬಿಟ್ಟ. ‘ಜಾಗ್ರತೆ ಹೋಗಿ’ ಎಂದ. ಈ ಸಲ ಭಾವ ಎನ್ನಲಿಲ್ಲ.

ಕಾರಿನಲ್ಲಿ ಕೂತ ಮೇಲೆ ಇವರು ಕೀಲಿ ತಿರುಗಿಸದೆ ಸ್ಟಿಯರಿಂಗ್ ಹಿಡಿದುಕೊಂಡು ಕೂತರು. ‘ಇಲ್ಲ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು’ ಎಂದರು. ಆಗುತ್ತಿತ್ತು, ನನಗೂ ಗೊತ್ತು. ಆದರೆ ಆಮೇಲೆ ಪ್ರತಿ ಆಟಿಯಲ್ಲಿ ಅವಳ ಪಕ್ಕದಲ್ಲಿ ನಿಂತು ನಾನು ಮುಚ್ಚಿದ ಬಾಗಿಲನ್ನು ನೋಡುವುದು ಯಾವ ಮುಖದಿಂದ? ನನಗೆ ನನ್ನ ಮೇಲೆ ಬಂದ ಸಿಟ್ಟು ಎಲ್ಲಿ ಹಾಕಬೇಕೆಂದು ತಿಳಿಯಲಿಲ್ಲ. ಯಾವಾಗಲೂ ಹಾಕುವಲ್ಲೇ ಹಾಕಿದೆ. ಜ್ಯೋತ್ಸ್ನಾಳಿಗೆ ಫೋನ್ ಮಾಡಿದೆ.

‘ಅಮ್ಮ’ ಎಂದಳು. ಹಿಂದೆ ಜನರ ಗಲಾಟೆ, ಗ್ಲಾಸುಗಳ ಸದ್ದು. ‘ಗೆಸ್ ವಾಟ್, ಆ ಎಪಿಸೋಡಿಗೆ ಒಂದು ಅವಾರ್ಡಿಗೆ ನಾಮಿನೇಷನ್ ಬಂದಿದೆ. ಈಗಷ್ಟೇ ಗೊತ್ತಾದದ್ದು. ನೀವು ನೋಡಿದ್ರಾ ಪೂರ್ತಿ? ಶರ್ಟ್ ಸೀನ್ ನೋಡಿದ್ರಾ?’

‘ನೋಡಿದೆ. ನಕ್ಕೆ’ ಎಂದೆ.

ಅವಳು ಅಳುತ್ತಿದ್ದಾಳೆಂದು ಉಸಿರಿನಿಂದ ತಿಳಿಯಿತು. ಬೇರೆ ದಿನವಾಗಿದ್ದರೆ ನಾನೂ ಅಳುತ್ತಿದ್ದೆ.

‘ಒಂದು ಕೇಳ್ಲಿಕ್ಕೆ ಉಂಟು’ ಎಂದೆ. ‘ಆ ಹುಡುಗಿಗೆ ನೀನು ಒಂದು ಹೆಸರು ಯಾಕೆ ಇಡ್ಲಿಲ್ಲ?’

‘ಯಾವ ಹುಡುಗಿ?’ ಎಂದು ಕೇಳಿದಳು. ನಿಜವಾಗಿಯೂ ತಿಳಿಯದೆ ಕೇಳಿದಳು.

‘ನಿನ್ನ ಅತ್ತಿಗೆ’ ಎಂದು ಹೇಳಿ ಫೋನ್ ಇಟ್ಟೆ.